ದೇವರಾಜ ಅರಸು ಮತ್ತು ನಗರದ ಬಡವರ ನೆಲೆ

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಡಿ. ದೇವರಾಜ ಅರಸು (1915–1982) ಅವರ ಹೆಸರು ಭೂಸುಧಾರಣೆಯೊಡನೆ ಬೆಸೆದುಕೊಂಡಿದೆ. 1951ರಲ್ಲಿ ಶಿವಮೊಗ್ಗ ಜಿಲ್ಲೆಯ ಕಾಗೋಡಿನ ಗೇಣಿದಾರರು ಎತ್ತಿದ ಪ್ರಶ್ನೆಗೆ, 1972ರಲ್ಲಿ ಮುಖ್ಯಮಂತ್ರಿಯಾದ ಅರಸು 1974ರ ಭೂಸುಧಾರಣಾ ತಿದ್ದುಪಡಿಯ ಮೂಲಕ ಉತ್ತರಿಸಿದರು. ಆದರೆ ಗೇಣಿಯ ಹೊಲವೂ ಇಲ್ಲದೆ ಕೂಲಿಯನ್ನರಸಿ ನಗರ ಸೇರಿದವರು ಆ ಕಾಯಿದೆಯ ಪರಿಧಿಗೆ ಒಳಪಡುವವರಲ್ಲ. ಅವರನ್ನು ಉದ್ದೇಶಿಸಿದ್ದು, ಅರಸು ಅವರ ಆಡಳಿತದಲ್ಲಿಯೇ ರೂಪುಗೊಂಡ 1973ರ ಕೊಳಚೆ ಪ್ರದೇಶಗಳ ಅಧಿನಿಯಮ.

ಇದರ ವ್ಯಾಪ್ತಿ ಬೆಂಗಳೂರಿಗೆ ಸೀಮಿತವಾಗದೆ ಶಿವಮೊಗ್ಗ, ಭದ್ರಾವತಿಗಳೂ ಸೇರಿದಂತೆ ಇಡೀ ರಾಜ್ಯಕ್ಕೆ ಹಬ್ಬಿತು. ಅದರ ಅನುಷ್ಠಾನಕ್ಕೆಂದು 1975ರಲ್ಲಿ ಕೊಳಚೆ ನಿರ್ಮೂಲನಾ ಮಂಡಳಿ ಸ್ಥಾಪಿತವಾಯಿತು. ಈ ಅಧಿನಿಯಮದಲ್ಲಿ ಎರಡು ಆಶಯಗಳು ಒಟ್ಟಿಗಿವೆ. ಕೊಳಚೆ ಪ್ರದೇಶವೆಂದು ಘೋಷಿತವಾದ ಕಡೆ ನೀರು, ಚರಂಡಿ, ಶೌಚಾಲಯಗಳನ್ನು ಒದಗಿಸುವುದು ಒಂದು. ಸುಧಾರಣೆ ಅಸಾಧ್ಯವೆನಿಸಿದ ಕಡೆ ತೆರವುಗೊಳಿಸುವುದು ಇನ್ನೊಂದು. ಹೀಗಾಗಿ ಅಲ್ಲಿನ ನಿವಾಸಿಗೆ ಸರ್ಕಾರದ ಘೋಷಣೆಯು ಮಾನ್ಯತೆಯೂ ಹೌದು, ಒಕ್ಕಲೆಬ್ಬಿಸುವ ಭಯವೂ ಹೌದು.

ಅರಸು 1982ರ ಜೂನ್ 6ರಂದು ನಿಧನರಾದರು. ಮುಂದೆ ಮಂಡಳಿಯ ಹೆಸರಿನಲ್ಲಿ ‘ನಿರ್ಮೂಲನೆ’ ಹೋಗಿ ‘ಅಭಿವೃದ್ಧಿ’ ಬಂದಿತು. ಗೇಣಿದಾರನಿಗೆ ಭೂಮಿಯ ಒಡೆತನವನ್ನೇ ಕೊಡಿಸಿದ ಅರಸು ಆಡಳಿತವು ನಗರದ ಬಡವನಿಗೆ ಕೊಟ್ಟದ್ದು ಸೌಕರ್ಯದ ಭರವಸೆ. ನೆಲದ ಹಕ್ಕಿನ ಪ್ರಶ್ನೆ ಮುಂದಿನವರಿಗೆ ಉಳಿಯಿತು.