ನಾಲ್ಕು ರೂಪಾಯಿ ಪಗಾರದ ಬೌಲರ್

2024ರ ಐಪಿಎಲ್ ಹರಾಜಿನಲ್ಲಿ ರಿಷಭ್ ಪಂತ್‌ಗೆ 27 ಕೋಟಿ ಅಂತ ಕೂಗಿದಾಗ ನಮ್ಮಲ್ಲಿ ಎಷ್ಟೋ ಜನ ಮೊಬೈಲ್ ಮುಂದೆ ಬಾಯಿ ತೆರೆದು ಕೂತಿದ್ವಿ. ಹಾಗೆ ನೋಡಿದರೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆಯವರಿಗೆ ಇದೇನು ಹೊಸದಲ್ಲ. ಹೋರಿ ಹಬ್ಬಕ್ಕೆ ಬೈಕು, ಬಂಗಾರ ಬಹುಮಾನ ಬಂದಮೇಲೆ ಹೆಸರಾದ ಹೋರಿಗಳ ಬೆಲೆ ಲಕ್ಷ ದಾಟಿದ್ದನ್ನ ನಾವೇ ನೋಡಿದ್ದೇವೆ. ಈ ನಾಲ್ಕೂ ತಾಲೂಕುಗಳು 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದವು. ಆ ಧಾರವಾಡದಲ್ಲೇ 1870ರ ದಶಕದಲ್ಲಿ ಒಬ್ಬ ಬೌಲರ್ ಹುಟ್ಟಿದ. ಹೆಸರು ಪಲ್ವಂಕರ್ ಬಾಲೂ.

ಮನೆತನದ ಮೂಲ ರತ್ನಾಗಿರಿ ಕಡೆಯದು. ಜಾತಿ ಚಮ್ಮಾರ, ಅಂದರೆ ಆ ಕಾಲದ ಲೆಕ್ಕದಲ್ಲಿ ಅಸ್ಪೃಶ್ಯ. ಪುಣೆಯಲ್ಲಿ ಪಾರ್ಸಿಗಳ ಮೈದಾನದಲ್ಲಿ ಪಿಚ್ ಗುಡಿಸೋದು, ರೋಲರ್ ಎಳೆಯೋದು ಅವನ ಮೊದಲ ನೌಕರಿ. ತಿಂಗಳಿಗೆ 3 ರೂಪಾಯಿ. ಆಮೇಲೆ ಬ್ರಿಟಿಷರ ಕ್ಲಬ್ಬಿಗೆ ಹೋದ, ಪಗಾರ 4 ರೂಪಾಯಿ ಆಯ್ತು. ಅಲ್ಲಿ ನೆಟ್ಸ್ ಕಟ್ಟಿ, ಸಾಹೇಬರಿಗೆ ತಾಸುಗಟ್ಟಲೆ ಎಡಗೈ ಸ್ಪಿನ್ ಹಾಕುತ್ತಿದ್ದ. ಕ್ಯಾಪ್ಟನ್ ಗ್ರೇಗ್ ತನ್ನನ್ನು ಔಟ್ ಮಾಡಿದಾಗೆಲ್ಲ 8 ಆಣೆ ಕೊಡುತ್ತಿದ್ದ ಅಂತ ಒಂದು ಕಥೆ ಇದೆ. ನಿಜವೇ ಆಗಿದ್ದರೆ ಲೆಕ್ಕ ಹಾಕಿ: ಎಂಟು ಸಲ ಔಟ್ ಮಾಡಿದರೆ ಒಂದು ತಿಂಗಳ ಪಗಾರ! ಆದರೆ ಬ್ಯಾಟ್ ಮಾತ್ರ ಅವನ ಕೈಗೆ ಕೊಡಲಿಲ್ಲ. ಬ್ಯಾಟಿಂಗು ದೊರೆಗಳ ಶೋಕಿ, ಬೌಲಿಂಗು ಆಳಿನ ಕೆಲಸ. ದುಡ್ಡಿಗೆ ಆಡೋದು ಆಗ ಮರ್ಯಾದೆಯ ಮಾತಾಗಿರಲಿಲ್ಲ.

ಪುಣೆಯ ಹಿಂದೂ ಕ್ಲಬ್ಬಿನವರಿಗೆ ಬ್ರಿಟಿಷರನ್ನು ಸೋಲಿಸಬೇಕಿತ್ತು, ಹಾಗಾಗಿ ಬಾಲೂನನ್ನು ಸೇರಿಸಿಕೊಂಡರು. ಮೈದಾನದಲ್ಲಿ ಅವನು ಮುಟ್ಟಿದ ಚೆಂಡನ್ನೇ ಎಲ್ಲರೂ ಮುಟ್ಟುತ್ತಿದ್ದರು. ಚಹಾ ಮಾತ್ರ ಅವನಿಗೆ ಪೆವಿಲಿಯನ್ ಹೊರಗೆ, ಕುಡಿದು ಒಗೆಯುವ ಮಣ್ಣಿನ ಕಪ್ಪಿನಲ್ಲಿ. ಗೆಲುವು ಬೇಕು, ಗೆಲ್ಲಿಸಿದವನ ಪಕ್ಕ ಕೂರೋದು ಬೇಡ. ಎಂಥಾ ವ್ಯವಹಾರ ನೋಡಿ.

ಮುಂದೆ ಮುಂಬೈಗೆ ಹೋದ. ಬಿಬಿಸಿಐ ರೈಲ್ವೆಯಲ್ಲಿ ನೌಕರಿ, ರೈಲ್ವೆ ಟೀಮಿಗೂ ಆಟ. ಈಗಿನ ಸ್ಪೋರ್ಟ್ಸ್ ಕೋಟಾದ ಅಜ್ಜ ಅನ್ನಬಹುದು ಇದನ್ನ. 1906ರಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು 109 ರನ್‌ಗಳಿಂದ ಸೋಲಿಸಿತು. ಅದರಲ್ಲಿ ಬಾಲೂ ಕೈ ದೊಡ್ಡದು. 1911ರಲ್ಲಿ ಭಾರತ ತಂಡ ಇಂಗ್ಲೆಂಡಿಗೆ ಹೋಯಿತು. ದುಡ್ಡು ಹಾಕಿದವರು ರಾಜರು, ಮುಂಬೈ ಶ್ರೀಮಂತರು. ನಾಯಕ ಪಟಿಯಾಲದ ಮಹಾರಾಜ, ವಯಸ್ಸು 19. ಮಹಾರಾಜರು ಕೆಲವೇ ಪಂದ್ಯ ಆಡಿ ಔತಣಕೂಟಗಳ ಕಡೆ ಹೊರಟರು. ಮೂವತ್ತೈದರ ಆಸುಪಾಸಿನಲ್ಲಿದ್ದ ಬಾಲೂ ಬೌಲಿಂಗ್ ಹಾಕುತ್ತಲೇ ಇದ್ದ. ಎಲ್ಲ ಪಂದ್ಯ ಸೇರಿ 114 ವಿಕೆಟ್.

ಇಷ್ಟಾದರೂ ಹಿಂದೂ ತಂಡದ ನಾಯಕತ್ವ ಅವನಿಗೆ ಸಿಗಲೇ ಇಲ್ಲ. 1920ರಲ್ಲಿ ಅವನ ತಮ್ಮಂದಿರು ಇದೇ ವಿಷಯಕ್ಕೆ ತಂಡದಿಂದ ಹೊರಗೆ ನಿಂತರು. ಕಡೆಗೆ 1923ರಲ್ಲಿ ತಮ್ಮ ವಿಠ್ಠಲ್ ನಾಯಕನಾದ. ಅಷ್ಟೊತ್ತಿಗೆ ಬಾಲೂನ ಆಟದ ದಿನಗಳು ಮುಗಿದಿದ್ದವು. ಪ್ರಥಮ ದರ್ಜೆಯಲ್ಲಿ 33 ಪಂದ್ಯ, 179 ವಿಕೆಟ್, ಸರಾಸರಿ 15.21. ಇವತ್ತಿನ ಹರಾಜಿನಲ್ಲಿ ಈ ಅಂಕಿಗೆ ಎಷ್ಟು ಕೂಗುತ್ತಿದ್ದರೋ ನೀವೇ ಹೇಳಿ.

1937ರಲ್ಲಿ ಕಾಂಗ್ರೆಸ್ಸಿನಿಂದ ಅಂಬೇಡ್ಕರ್ ಎದುರು ಚುನಾವಣೆಗೆ ನಿಂತು ಸೋತರು. 1955ರಲ್ಲಿ ಮುಂಬೈಯಲ್ಲಿ ತೀರಿಕೊಂಡರು. ಐಪಿಎಲ್‌ನ ಮೊದಲ ಹರಾಜಿಗೆ ಇನ್ನೂ 53 ವರ್ಷ ಬಾಕಿ ಇತ್ತು.