ಬೆಳಕಿನ ಲೆಕ್ಕ ಹಿಡಿದ ಪಂಚರತ್ನಂ

ನಿಮ್ಮ ಜಾಮಿಟ್ರಿ ಬಾಕ್ಸಿನಲ್ಲಿರುವ ಪ್ಲಾಸ್ಟಿಕ್ ಕೋನಮಾಪಕವನ್ನು ಕಂಪ್ಯೂಟರಿನ ಎಲ್‌ಸಿಡಿ ಪರದೆಯ ಮುಂದೆ ಹಿಡಿಯಿರಿ. ಪರದೆ ಪೂರ್ತಿ ಬಿಳಿಯಾಗಿರಲಿ. ಈಗ ಪೋಲರಾಯ್ಡ್ ತಂಪು ಕನ್ನಡಕದ ಮೂಲಕ ನೋಡುತ್ತಾ ಕನ್ನಡಕವನ್ನು ನಿಧಾನವಾಗಿ ತಿರುಗಿಸಿ. ಬಣ್ಣವೇ ಇಲ್ಲದ ಪ್ಲಾಸ್ಟಿಕ್ಕಿನ ಮೇಲೆ ಕಾಮನಬಿಲ್ಲಿನ ಪಟ್ಟೆಗಳು ಮೂಡುತ್ತವೆ. ಪ್ಲಾಸ್ಟಿಕ್ಕನ್ನು ಅಚ್ಚು ಹಾಕುವಾಗ ಎಲ್ಲೆಲ್ಲಿ ಒತ್ತಡ ಉಳಿದಿದೆಯೋ ಅದರ ನಕ್ಷೆ ಅದು. ಒಂದೊಂದೇ ಬಿಂದುವನ್ನು ಮುಟ್ಟಿ ಅಳೆಯಬೇಕಾಗಿಲ್ಲ, ಇಡೀ ವಸ್ತುವಿನ ಲೆಕ್ಕ ಒಂದೇ ನೋಟಕ್ಕೆ ಸಿಗುತ್ತದೆ. ಇಂದು ಕಾರ್ಖಾನೆಯಲ್ಲಿ ಚಿಪ್ಪಿನ ಮೇಲ್ಮೈ ಪರೀಕ್ಷಿಸುವಾಗಲೂ ಪ್ರಯೋಗಾಲಯದಲ್ಲಿ ಅಂಗಾಂಶದ ಒಳಪದರ ನೋಡುವಾಗಲೂ ಇದೇ ದಾರಿ ಬಳಕೆಯಲ್ಲಿದೆ. ಈ ವಿದ್ಯೆಗೆ ಬೆಂಗಳೂರಿನಲ್ಲಿ ಕುಳಿತು ಒಂದು ಅಡಿಗಲ್ಲು ಹಾಕಿದವರು ಶಿವರಾಮಕೃಷ್ಣನ್ ಪಂಚರತ್ನಂ. ದೃಗ್ವಿಜ್ಞಾನ ಓದಿದವರಿಗೆ ಜಗತ್ತಿನ ಯಾವ ಮೂಲೆಯಲ್ಲೂ ಈ ಹೆಸರು ಗೊತ್ತು. ನಮ್ಮ ಕಾಲೇಜಿನ ಪಠ್ಯಪುಸ್ತಕಗಳಲ್ಲಿ ಮಾತ್ರ ಅದು ಕಾಣಸಿಗುವುದು ಅಪರೂಪ.

ಪಂಚರತ್ನಂ 1934ರಲ್ಲಿ ಕಲ್ಕತ್ತಾದಲ್ಲಿ ಜನಿಸಿದರು. ತಾಯಿ ಸೀತಾಲಕ್ಷ್ಮಿ, ಸರ್ ಸಿ.ವಿ. ರಾಮನ್ ಅವರ ಸಹೋದರಿ. ಅಣ್ಣಂದಿರಾದ ಎಸ್. ರಾಮಶೇಷನ್ ಮತ್ತು ಎಸ್. ಚಂದ್ರಶೇಖರ್ ಇಬ್ಬರೂ ಮುಂದೆ ಹೆಸರಾಂತ ಭೌತವಿಜ್ಞಾನಿಗಳಾದರು. ಸೋದರಮಾವ ರಾಮನ್ 1948ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಶೋಧನಾ ಸಂಸ್ಥೆಯಲ್ಲೇ ಪಂಚರತ್ನಂ ಕೆಲಸ ಆರಂಭಿಸಿದರು. ಮನೆತನದ ನೆರವಿತ್ತು ನಿಜ. ಆದರೆ ಅವರು ಮಾಡಿದ ಕೆಲಸ ಮನೆತನದಿಂದ ಬರುವಂಥದ್ದಲ್ಲ.

1955ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಅವರು ಒಂದು ಹಳೆಯ ತೊಡಕನ್ನು ಬಿಡಿಸಿದರು. ಧ್ರುವೀಕೃತ ಬೆಳಕಿನ ರೂಪ ಬದಲಿಸಲು ಹರಳಿನ ತೆಳು ಪಟ್ಟಿಗಳನ್ನು ಬಳಸುತ್ತಾರೆ. ಕೆಂಪು ಬೆಳಕಿಗೆ ಸರಿಹೊಂದುವ ಪಟ್ಟಿ ನೀಲಿಗೆ ಹೊಂದುವುದಿಲ್ಲ. ಒಂದೇ ವಸ್ತುವಿನ ಮೂರು ಪಟ್ಟಿಗಳನ್ನು ತಕ್ಕ ಕೋನಗಳಲ್ಲಿ ಜೋಡಿಸಿದರೆ ಒಂದರ ತಪ್ಪನ್ನು ಮತ್ತೊಂದು ಬಹುಪಾಲು ತಿದ್ದುತ್ತದೆ ಎಂದು ಅವರು ತೋರಿಸಿದರು. ಖಗೋಳ ವೀಕ್ಷಣೆಯ ಉಪಕರಣಗಳಲ್ಲಿ ಈ ಜೋಡಣೆ ಇಂದಿಗೂ ಅವರ ಹೆಸರಿನಲ್ಲೇ ಇದೆ.

ಮರುವರ್ಷದ ಕೆಲಸ ಇನ್ನೂ ಆಳವಾದದ್ದು. ಅಯೊಲೈಟ್‌ನಂಥ, ಬೆಳಕನ್ನು ಹೀರುವ ಹರಳುಗಳಲ್ಲಿ ಕಾಣುವ ಚಿತ್ತಾರಗಳನ್ನು ಅರ್ಥ ಮಾಡಿಕೊಳ್ಳಲು ಹೊರಟಾಗ ಅವರಿಗೆ ಎದುರಾದದ್ದು ಸರಳವಾಗಿ ತೋರುವ ಒಂದು ಪ್ರಶ್ನೆ. ಧ್ರುವೀಕರಣ ಬೇರೆ ಬೇರೆಯಾಗಿರುವ ಎರಡು ಕಿರಣಗಳು ಒಂದೇ ಹೆಜ್ಜೆಯಲ್ಲಿವೆ, ಅಂದರೆ ಒಂದೇ ಫೇಸ್‌ನಲ್ಲಿವೆ ಎಂದು ಯಾವಾಗ ಹೇಳಬಹುದು? ಎರಡನ್ನೂ ಕೂಡಿಸಿದಾಗ ಹೊಳಪು ಅತಿ ಹೆಚ್ಚಾದರೆ ಹಾಗೆ ಹೇಳೋಣ ಎಂದು ಅವರು ನಿಶ್ಚಯಿಸಿದರು. ಆಗ ಹೊರಬಂದ ಫಲಿತಾಂಶ ವಿಚಿತ್ರವಾಗಿತ್ತು. ಮೊದಲನೆಯದು ಎರಡನೆಯದರ ಜೊತೆ, ಎರಡನೆಯದು ಮೂರನೆಯದರ ಜೊತೆ ಹೆಜ್ಜೆ ಹಾಕಿದರೂ ಮೊದಲನೆಯದು ಮತ್ತು ಮೂರನೆಯದು ಹೊಂದಲೇಬೇಕೆಂದಿಲ್ಲ!

ಇದನ್ನು ತಿಳಿಯಲು ಒಂದು ಮೂಸಂಬಿ ತೆಗೆದುಕೊಳ್ಳಿ. ಅದರ ನಡುಸುತ್ತಿನಲ್ಲಿ ಒಂದು ಬೆಂಕಿಕಡ್ಡಿಯನ್ನು ತುದಿ ಮೇಲೆ ಮಾಡಿ ಒರಗಿಸಿ. ಕಡ್ಡಿಯನ್ನು ಸ್ವಲ್ಪವೂ ತಿರುವದೆ ನೆತ್ತಿಯವರೆಗೆ ಜಾರಿಸಿ, ಅಲ್ಲಿಂದ ಕಾಲು ಸುತ್ತು ಪಕ್ಕದ ಗೆರೆಯಲ್ಲಿ ಇಳಿಸಿ, ನಡುಸುತ್ತಿನ ಗುಂಟ ಮೊದಲ ಜಾಗಕ್ಕೆ ತನ್ನಿ. ಕಡ್ಡಿ ಈಗ 90 ಡಿಗ್ರಿ ತಿರುಗಿ ಮಲಗಿರುತ್ತದೆ. ಯಾರೂ ತಿರುಗಿಸಲಿಲ್ಲ, ಗೋಳದ ಆಕಾರವೇ ತಿರುಗಿಸಿತು. ಬೆಳಕಿನ ಧ್ರುವೀಕರಣವನ್ನೂ ಪ್ವಾಂಕರೆ ಎಂಬ ಗಣಿತಜ್ಞರ ಹೆಸರಿನ ಗೋಳದ ಮೇಲೆ ಗುರುತಿಸುತ್ತಾರೆ. ಅಲ್ಲಿ ಮೂರು ಬಿಂದುಗಳ ತ್ರಿಕೋನ ಗೋಳದ ಕೇಂದ್ರದಲ್ಲಿ ಮಾಡುವ ಘನಕೋನದ ಅರ್ಧದಷ್ಟು ಫೇಸ್ ವ್ಯತ್ಯಾಸ ಉಳಿಯುತ್ತದೆ ಎಂಬುದೇ ಪಂಚರತ್ನಂ ಕಂಡುಕೊಂಡ ನಿಯಮ.

ಇದೆಲ್ಲ ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ. 25ನೆಯ ವಯಸ್ಸಿಗೇ ಅವರು ಆ ಅಕಾಡೆಮಿಯ ಫೆಲೋ ಆದರು. ಆದರೆ ಈ ಲೇಖನವನ್ನು ಹೊರಗಿನವರು ಬಹುಕಾಲ ಓದಲಿಲ್ಲ. ಭಾರತದ ಪತ್ರಿಕೆಯಾದ್ದರಿಂದ ಹೀಗಾಯಿತೆಂದು ಹೇಳುವವರಿದ್ದಾರೆ. ಅದು ಅರ್ಧ ಸತ್ಯವೆಂದು ನನಗನಿಸುತ್ತದೆ. ಹರಳಿನ ಚಿತ್ತಾರಗಳ ನಡುವೆ ಅಷ್ಟು ದೊಡ್ಡ ನಿಯಮವೊಂದು ಕುಳಿತಿದೆಯೆಂದು ಪತ್ರಿಕೆ ಕೈಗೆ ಸಿಕ್ಕವರಿಗೂ ಹೊಳೆದಿರಲಾರದು.

1961ರಿಂದ 1964ರವರೆಗೆ ಪಂಚರತ್ನಂ ಮೈಸೂರು ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಆಗಿದ್ದರು. ಅಣ್ಣ ಚಂದ್ರಶೇಖರ್ ಅಲ್ಲಿಯೇ ಪ್ರಾಧ್ಯಾಪಕರು. ಹಾಸನ, ಹೊಳೆನರಸೀಪುರದ ಕಡೆಯಿಂದ, ನಮ್ಮ ಕೊರವಂಗಲದಂಥ ಹಳ್ಳಿಗಳಿಂದ ಎಂ.ಎಸ್ಸಿ. ಓದಲು ಹೋಗುವವರಿಗೆ ಮೈಸೂರೇ ಹತ್ತಿರದ ದಾರಿಯಾಗಿದ್ದ ಕಾಲವದು. ಆನಂತರ ಅವರು ಆಕ್ಸ್‌ಫರ್ಡಿಗೆ ತೆರಳಿ ಜಾರ್ಜ್ ಸೀರೀಸ್ ಅವರೊಡನೆ ಪರಮಾಣುಗಳ ಮತ್ತು ಬೆಳಕಿನ ಸಂಬಂಧವನ್ನು ಅಭ್ಯಸಿಸಿದರು. 1969ರಲ್ಲಿ ಅಲ್ಲಿಯೇ ತೀರಿಕೊಂಡರು. ವಯಸ್ಸು 35. ಸೋದರಮಾವ ರಾಮನ್ ಇನ್ನೂ ಬದುಕಿದ್ದರು. ಪಂಚರತ್ನಂ ಅವರ ಬರಹಗಳನ್ನೆಲ್ಲ ಸೀರೀಸ್ ಒಟ್ಟುಗೂಡಿಸಿ 1975ರಲ್ಲಿ ಪುಸ್ತಕವಾಗಿ ಹೊರತಂದರು.

1984ರಲ್ಲಿ ಇಂಗ್ಲೆಂಡಿನ ಮೈಕೆಲ್ ಬೆರಿ ಕ್ವಾಂಟಂ ವಿಜ್ಞಾನದಲ್ಲಿ ಜ್ಯಾಮಿತೀಯ ಫೇಸ್ ಎಂಬುದನ್ನು ಮಂಡಿಸಿದಾಗ ಲೋಕ ಬೆರಗಾಯಿತು. ಇದೇ ಮಾತು ಮೂವತ್ತು ವರ್ಷದ ಹಿಂದೆಯೇ ಬೆಂಗಳೂರಿನಲ್ಲಿ ಅಚ್ಚಾಗಿದೆಯೆಂದು 1986ರಲ್ಲಿ ಬರೆದು ತೋರಿಸಿದವರು ಇಬ್ಬರು. ಒಬ್ಬರು ರಾಜಾರಾಂ ನಿತ್ಯಾನಂದ, ಇನ್ನೊಬ್ಬರು ತಮ್ಮನನ್ನು ಕಳೆದುಕೊಂಡು ಹದಿನೇಳು ವರ್ಷವಾಗಿದ್ದ ಅಣ್ಣ ರಾಮಶೇಷನ್. ಬೆರಿ ಸಂಕೋಚಪಡಲಿಲ್ಲ. 1987ರಲ್ಲಿ ತಾವೇ ಲೇಖನ ಬರೆದು ಪಂಚರತ್ನಂ ಅವರ ಹಿರಿತನವನ್ನು ಒಪ್ಪಿದರು. 1988ರಲ್ಲಿ ರಾಮನ್ ಸಂಸ್ಥೆಯಲ್ಲೇ ರಾಜೇಂದ್ರ ಭಂಡಾರಿ ಮತ್ತು ಜೋಸೆಫ್ ಸ್ಯಾಮ್ಯುಯಲ್ ಲೇಸರ್ ಬಳಸಿ ಈ ಫೇಸನ್ನು ಅಳೆದು ತೋರಿಸಿದರು.

ಅದರಿಂದ ಉಪಯೋಗವೇನು? ಇಡೀ ಮೇಲ್ಮೈಯನ್ನು ಒಮ್ಮೆಗೇ ಅಳೆಯುವಾಗ ಕ್ಯಾಮೆರಾ ಎದುರಿನ ವ್ಯತಿಕರಣ ಪಟ್ಟೆಗಳ ಫೇಸನ್ನು ಗೊತ್ತಾದ ಪ್ರಮಾಣದಲ್ಲಿ ಸರಿಸುತ್ತಾ ಕೆಲವು ಚಿತ್ರ ತೆಗೆಯಬೇಕು. ಕನ್ನಡಿಯನ್ನು ಸರಿಸಿದರೆ ಕೆಂಪಿಗೊಂದು, ನೀಲಿಗೊಂದು ಪ್ರಮಾಣವಾಗಿ ಬಿಳಿ ಬೆಳಕಿನಲ್ಲಿ ಲೆಕ್ಕ ಕೆಡುತ್ತದೆ. ಪಂಚರತ್ನಂ ಫೇಸ್ ಆದರೋ ಕೋನವನ್ನು ಮಾತ್ರ ನೋಡುತ್ತದೆ. ಎರಡು ಸ್ಥಿರ ಪಟ್ಟಿಗಳ ನಡುವಿನ ಅರ್ಧತರಂಗ ಪಟ್ಟಿಯನ್ನು 22.5 ಡಿಗ್ರಿ ತಿರುಗಿಸಿದರೆ ಕಿರಣಗಳೆರಡರ ನಡುವೆ 90 ಡಿಗ್ರಿ ಫೇಸ್ ಬದಲಾಗುತ್ತದೆ, ಹೆಚ್ಚುಕಡಿಮೆ ಎಲ್ಲ ಬಣ್ಣಗಳಿಗೂ. 1994ರಲ್ಲಿ ಪಿ. ಹರಿಹರನ್ ಮತ್ತು ಮೈತ್ರೇಯಿ ರಾಯ್ ಸಿಡ್ನಿಯಲ್ಲಿ ಈ ಉಪಾಯದಿಂದ ಮೇಲ್ಮೈಯ ಏರಿಳಿತವನ್ನು ಬಿಳಿ ಬೆಳಕಿನಲ್ಲಿ ಅಳೆಯುವ ಕ್ರಮವನ್ನು ಪ್ರಕಟಿಸಿದರು. ಮುಂದೆ ಇದೇ ಉಪಾಯ ಸೂಕ್ಷ್ಮದರ್ಶಕಗಳಿಗೂ ಬಂತು. ಅಲ್ಲಿ ಪಟ್ಟಿಗಳೂ ಎಲ್ಲ ಬಣ್ಣಗಳಿಗೆ ಒಂದೇ ಸಮ ವರ್ತಿಸಿದಷ್ಟೂ ಅಳತೆ ನಿಖರವಾಗುತ್ತದೆ. ಅಂಥ ಪಟ್ಟಿ ಜೋಡಿಸುವ ಬಗೆಯನ್ನು ಹೇಳಿಕೊಟ್ಟದ್ದು 1955ರ ಅದೇ ಹುಡುಗ.