ಕಿಟ್ಟೆಲ್ ಪಂಡಿತರೂ ಕನ್ನಡ ಕ್ರಿಯಾಪದವೂ

ಮರವೇರಿದ ಮಗುವನ್ನು ಕಂಡ ತಾಯಿ ‘ಜೋಕೆ, ಬಿದ್ದೀಯೆ!’ ಎಂದು ಕೂಗುತ್ತಾಳೆ. ಮಗು ಇನ್ನೂ ಬಿದ್ದಿಲ್ಲ. ಬಿದ್ದೇ ಬೀಳುವುದೆಂಬ ನಿಶ್ಚಯವೂ ಇಲ್ಲ. ನಡೆಯದಿದ್ದರೂ ನಡೆಯಬಹುದಾದುದನ್ನು ಸೂಚಿಸುವ ಇಂಥ ಕ್ರಿಯಾಪದವನ್ನು ನಮ್ಮ ವ್ಯಾಕರಣವು ಸಂಭಾವನಾರ್ಥಕವೆಂದು ಕರೆಯುತ್ತದೆ. ಮನೆಯಲ್ಲಿ ನಾವು ನಿತ್ಯವೂ ಆಡುವ ಇಂಥ ರೂಪಗಳನ್ನು ಶ್ರದ್ಧೆಯಿಂದ ಕಲೆಹಾಕಿ, ಕ್ರಮವಾಗಿ ವಿವರಿಸಿದವರಲ್ಲಿ ಒಬ್ಬರು ಪರದೇಶದವರು. ಅವರೇ ಫರ್ಡಿನಂಡ್ ಕಿಟ್ಟೆಲ್.

ಕಿಟ್ಟೆಲರು 1832ನೆಯ ಇಸವಿ ಏಪ್ರಿಲ್ 7ರಂದು ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಕ್ರೈಸ್ತ ಪಾದ್ರಿಗಳು. ಬಾಲ್ಯದಲ್ಲಿಯೇ ಲ್ಯಾಟಿನ್, ಗ್ರೀಕ್ ಮೊದಲಾದ ಪ್ರಾಚೀನ ಭಾಷೆಗಳನ್ನು ಅಭ್ಯಸಿಸಿದ ಅವರು ಬಾಸೆಲ್ ಮಿಷನ್ನಿನ ಪರವಾಗಿ 1853ರಲ್ಲಿ ಭಾರತಕ್ಕೆ ಬಂದರು. ಮತಪ್ರಚಾರಕ್ಕೆಂದು ಬಂದವರನ್ನು ಕನ್ನಡವು ತನ್ನ ಸೇವೆಗೆ ಸೆಳೆದುಕೊಂಡಿತು. ಧಾರವಾಡ, ಹುಬ್ಬಳ್ಳಿ, ಮಡಿಕೇರಿ, ಮಂಗಳೂರುಗಳಲ್ಲಿ ನೆಲಸಿ, ಜನರ ಮಾತನ್ನು ಕಿವಿಗೊಟ್ಟು ಕೇಳಿದರು; ಪಂಡಿತರ ಬಳಿ ಕುಳಿತು ಹಳಗನ್ನಡ ಕಾವ್ಯಗಳನ್ನು ಓದಿದರು. 1864ರಲ್ಲಿ ಪತ್ನಿ ಪೌಲಿನಾ ತೀರಿಕೊಂಡರು. ಆ ದುಃಖದಲ್ಲಿಯೂ ಅವರ ವ್ಯಾಸಂಗ ನಿಲ್ಲಲಿಲ್ಲ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು 1872ರಲ್ಲಿಯೂ, ನಾಗವರ್ಮನ ‘ಛಂದೋಂಬುಧಿ’ಯನ್ನು 1875ರಲ್ಲಿಯೂ ಸಂಪಾದಿಸಿ ಪ್ರಕಟಿಸಿದರು. ಸುಮಾರು 70,000 ಶಬ್ದಗಳ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟ್ ಪದವಿಯನ್ನಿತ್ತಿತು.

ಇಷ್ಟಕ್ಕೇ ವಿಶ್ರಾಂತಿ ಪಡೆದಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಆದರೆ ಶಬ್ದಗಳನ್ನು ಕೂಡಿಟ್ಟ ಮಾತ್ರಕ್ಕೆ ಭಾಷೆಯ ಪರಿಚಯವಾಗದು. ಅವು ನಡೆಯುವ ದಾರಿಯೂ ತಿಳಿಯಬೇಕು. ಆದುದರಿಂದ ಹಳಗನ್ನಡ, ನಡುಗನ್ನಡ, ಹೊಸಗನ್ನಡ ಈ ಮೂರನ್ನೂ ಒಳಗೊಂಡ ವ್ಯಾಕರಣವೊಂದನ್ನು ಅವರು ಇಂಗ್ಲಿಷಿನಲ್ಲಿ ರಚಿಸಿದರು. ಕೇಶಿರಾಜನನ್ನೇ ಆಧಾರವಾಗಿಟ್ಟುಕೊಂಡದ್ದು ಅವರ ಹಿರಿಮೆ. ಪರಭಾಷೆಯ ಅಚ್ಚಿನಲ್ಲಿ ಕನ್ನಡವನ್ನು ಎರಕ ಹೊಯ್ಯದೆ, ಕನ್ನಡದ ಕ್ರಿಯಾಪದಗಳನ್ನು ಕನ್ನಡದ ಕ್ರಮದಲ್ಲಿಯೇ ನೋಡಿ, ಸಂಭಾವನೆಯ ರೂಪಗಳಿಗೂ ಅಲ್ಲಿ ಸ್ಥಾನವಿತ್ತರು.

ಈ ರೂಪಗಳ ಸ್ವಾರಸ್ಯವನ್ನು ನೋಡಿರಿ. ‘ಬಂದಾನು’ ಎಂಬುದು ‘ಬಂದು’ ಎಂಬ ಭೂತಕಾಲದ ಅಂಗದಿಂದ ಹುಟ್ಟಿದೆ. ಆದರೆ ಸೂಚಿಸುವುದು ಮುಂದೆ ಬರಬಹುದೆಂಬುದನ್ನು. ಇಂಗ್ಲಿಷಿನಲ್ಲಿಯೂ ‘ನಾನು ಹಕ್ಕಿಯಾಗಿದ್ದರೆ’ ಎನ್ನಲು ‘ಇಫ್ ಐ ವರ್ ಎ ಬರ್ಡ್’ ಎನ್ನುತ್ತಾರೆ. ‘ವರ್’ ಭೂತಕಾಲದ ರೂಪವಾದರೂ ಅರ್ಥ ಕೇವಲ ಕಲ್ಪನೆ. ನಮ್ಮ ಬೀದಿಯ ಹಿಂದಿಯಲ್ಲಿ ‘ಶಾಯದ್ ವಹ್ ಆಏ’ ಎಂದಾಗ ಆ ‘ಆಏ’ ಎಂಬುದೂ ಇದೇ ಕುಲದ್ದು.

ಕಿಟ್ಟೆಲರು ನಿಘಂಟಿನಲ್ಲಿ ಮಗ್ನರಾಗಿದ್ದ ದಿನಗಳಲ್ಲಿಯೇ, 1887ರಲ್ಲಿ, ವಾರ್ಸಾ ನಗರದಲ್ಲಿ ಜಮೆನ್‌ಹೋಫ್ ಎಂಬ ಕಣ್ಣಿನ ವೈದ್ಯರು ಎಸ್ಪೆರಾಂಟೋ ಎಂಬ ಹೊಸ ಭಾಷೆಯನ್ನು ನಿರ್ಮಿಸಿ ಪ್ರಕಟಿಸಿದರು. ಅದರಲ್ಲಿ ಕಲ್ಪಿತ ಕ್ರಿಯೆಗೆ ‘ಉಸ್’ ಎಂಬ ಒಂದೇ ಪ್ರತ್ಯಯ. ನಾನು, ನೀನು, ಅವನು ಎಂಬ ಭೇದವಿಲ್ಲ. ಕನ್ನಡದಲ್ಲಾದರೋ ಬಂದೇನು, ಬಂದೀಯೆ, ಬಂದಾನು, ಬಂದಾಳು, ಬಂದೀತು ಎಂದು ಬಗೆಬಗೆಯಾಗಿದೆ. ಅವರು ನಿಯಮವಿಟ್ಟು ಭಾಷೆಯನ್ನು ಕಟ್ಟಿದರು; ಇವರು ಬಾಳುತ್ತಿದ್ದ ಭಾಷೆಯಲ್ಲಿ ನಿಯಮವನ್ನು ಅರಸಿದರು. ಹೊಸದಾಗಿ ಕಟ್ಟಿದ ಭಾಷೆಗೂ ಸಂಭಾವನೆಯ ರೂಪ ಬೇಕಾಯಿತೆಂದರೆ, ಮನುಷ್ಯನು ಇರುವುದನ್ನಷ್ಟೇ ಅಲ್ಲ, ಆಗಬಹುದಾದುದನ್ನೂ ಚಿಂತಿಸುವ ಪ್ರಾಣಿಯೆಂಬುದು ಸ್ಪಷ್ಟ.

ಕಿಟ್ಟೆಲರ ವ್ಯಾಕರಣ 1903ರಲ್ಲಿ ಹೊರಬಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ಟ್ಯೂಬಿಂಗೆನ್ನಿನಲ್ಲಿ ದೇಹವನ್ನು ಬಿಟ್ಟರು. ಎಪ್ಪತ್ತೊಂದು ವರ್ಷಗಳ ಬಾಳಿನ ಬಹುಭಾಗ ಕನ್ನಡಕ್ಕೆ ಸಂದಿತ್ತು.

ಈಗ ಪೇಟೆಯ ಮಾತಿನಲ್ಲಿ ‘ಬಂದಾನು’ ಅಪರೂಪವಾಗಿ, ‘ಬರಬಹುದು’ ಎಂಬುದೇ ಹೆಚ್ಚಾಗಿದೆ. ಊರಿನಿಂದ ದೂರ, ಈ ಜನಕಪುರಿಯಲ್ಲಿ ಬೆಳೆಯುವ ನಮ್ಮ ನಾಲಗೆಯಿಂದ ಅದು ಇನ್ನೂ ಬೇಗ ಜಾರೀತು. ಸೋದರ ಸೋದರಿಯರೇ, ಸಮುದ್ರ ದಾಟಿ ಬಂದವರು ಕೂಡಿಟ್ಟದ್ದನ್ನು ಮನೆಯವರಾದ ನಾವು ಕಳೆಯಬಾರದು. ಇಂದು ಸಂಜೆ ಅಜ್ಜಿಯ ಮಾತನ್ನು ಕಿವಿಗೊಟ್ಟು ಕೇಳಿರಿ; ಆ ರೂಪ ಅಲ್ಲಿ ದೊರೆತೀತು.